ಚಿತ್ರಶಾಲೆಯ ಬಣ್ಣದಕ್ಕ

ನೀರಿನಲ್ಲಿ ನೆನೆದ ಗೋಂದಿಗೆ ಒಂದು ವಾಸನೆಯಿದೆ. ಸಿಹಿಯೂ ಅಲ್ಲ, ಹುಳಿಯೂ ಅಲ್ಲ. ಮರದ ಪೆಟ್ಟಿಗೆಯಲ್ಲಿ ಬೆಲ್ಲದ ಚೂರು ಮರೆತುಬಿಟ್ಟರೆ ಬರುತ್ತದಲ್ಲ, ಅಂಥದು. ಮೊನ್ನೆ ತಮ್ಮನ ಮೊಮ್ಮಗಳು ನನ್ನ ಅಡುಗೆಮನೆಯ ಮೂಲೆಯಲ್ಲಿ ಕುಳಿತು ಬಣ್ಣದ ಬಿಲ್ಲೆಗೆ ನೀರು ಹಾಕಿ ತೇಯುತ್ತಿದ್ದಳು. ನಾನು ಒಲೆಯ ಮುಂದಿದ್ದೆ. ಆ ವಾಸನೆ ಬಂತು, ತಿರುಗಿ ನೋಡಿದೆ. ಹುಡುಗಿ ಕುಂಚದ ತುದಿಯನ್ನು ತುಟಿಗಳ ನಡುವೆ ಇಟ್ಟುಕೊಂಡು ಚೂಪು ಮಾಡುತ್ತಿದ್ದಳು. ತುಟಿಯೆಲ್ಲ ಕೆಂಪು. ಅವಳ ತಾಯಿ ‘ಥೂ, ಉಗಳ ಅದನ್ನ’ ಎಂದು ಗದರಿದಳು. ‘ಬಿಡು, ಬೈಬ್ಯಾಡ’ ಎಂದೆ ನಾನು. ಅಷ್ಟರಲ್ಲಿ ಹಾಲು ಉಕ್ಕಿ ಹೋಗಿತ್ತು...

ಸವಣೂರಿನಲ್ಲಿ ನಮ್ಮ ಗೋಡೆಗೆ ಗೋಡೆ ಹಚ್ಚಿಕೊಂಡಿದ್ದ ಮನೆಯಾಕೆ ಹೀಗೆಯೇ ಕುಂಚ ಚೂಪು ಮಾಡುತ್ತಿದ್ದಳು. ಎಲೆ ಹಾಕದೆಯೇ ಆಕೆಯ ತುಟಿ ಸದಾ ಕೆಂಪು. ವೀಳ್ಯದೆಲೆಯ ಊರಿನಲ್ಲಿ ಅದು ಯಾರಿಗೂ ವಿಶೇಷ ಅನಿಸುತ್ತಿರಲಿಲ್ಲ ಅನ್ನಿ. ನಾನು ಹಾನಗಲ್ಲಿನಿಂದ ಎಲೆ ವ್ಯಾಪಾರದ ದೊಡ್ಡ ಮನೆಗೆ ಸೊಸೆಯಾಗಿ ಬಂದಾಗ ಅಲ್ಲಿನ್ನೂ ನವಾಬರ ಆಳ್ವಿಕೆ. ನಮ್ಮ ಎಲೆಯ ಪೆಂಡಿಗಳು ಒದ್ದೆ ಗೋಣಿ ಸುತ್ತಿಕೊಂಡು ಮುಂಬಯಿಗೆ ಹೋಗುತ್ತಿದ್ದವು. ಮುಂಬಯಿಯಿಂದ ಈ ಗಂಡಹೆಂಡತಿ ಬಂದಿದ್ದರು. ಗಂಡನಾದವರು ಅಲ್ಲಿ ಯಾವುದೋ ಸ್ಟುಡಿಯೋದಲ್ಲಿ ಕೆಲಸ ಕಲಿತು, ಮೂರು ಕಾಲಿನ ದೊಡ್ಡ ಕ್ಯಾಮೆರಾ ತಂದು, ಬಾಡಿಗೆ ಮನೆಯ ಪಡಸಾಲೆಗೆ ಸುಣ್ಣ ಹೊಡೆಸಿ, ಬಾಗಿಲ ಮೇಲೆ ‘ಚಿತ್ರಶಾಲೆ’ ಎಂದು ಬೋರ್ಡು ಹಾಕಿದ್ದರು.

ಅದೇ ಫಜೀತಿಯಾಯಿತು. ‘ಶಾಲೆ’ ಎಂದು ಓದಿಕೊಂಡವರು ಮಕ್ಕಳನ್ನು ಕರೆದುಕೊಂಡು ಬಂದರು. ತಡಸದ ಕಡೆಯ ಒಬ್ಬ ರೈತ ಪಾಟಿ ಚೀಲದ ಸಮೇತ ಮಗನನ್ನು ತಂದು ಚಾಪೆಯ ಮೇಲೆ ಕೂರಿಸಿ, ‘ಮಾಸ್ತರ ಎಷ್ಟೊತ್ತಿಗೆ ಬರ್ತಾರ್ರಿ?’ ಎಂದು ಕೇಳಿದನಂತೆ. ಆಕೆ ಗಂಡನ ಕಡೆ ಕೈ ತೋರಿಸಿ, ‘ಇವರ ನೋಡ್ರಿ ಮಾಸ್ತರ. ಮಾತಾಡಬಾರದು, ಅಳಗ್ಯಾಡಬಾರದು, ಇಷ್ಟ ಕಲಸ್ತಾರ ಇಲ್ಲಿ’ ಎಂದಳಂತೆ. ಅವತ್ತಿನಿಂದ ಅವರು ಊರಿಗೆಲ್ಲ ಫೋಟೋ ಮಾಸ್ತರರು. ಸಾಧು ಮನುಷ್ಯ. ಕ್ಯಾಮೆರಾದ ಕರಿ ಬಟ್ಟೆಯೊಳಗೆ ತಲೆ ಹಾಕಿದಾಗ ಮಾತ್ರ ಅವರಿಗೆ ಧೈರ್ಯ. ಹೊರಗಿನ ಜಗಳವೆಲ್ಲ ಹೆಂಡತಿಯ ಪಾಲಿಗೆ.

ಆಕೆಗೆ ಬಣ್ಣದಕ್ಕ ಎಂಬ ಹೆಸರು ಬಂದದ್ದು ಕುಂಕುಮದಿಂದ. ಆಗಿನ ಫೋಟೋಗಳಲ್ಲಿ ಕೆಂಪು ಬಣ್ಣ ಕರ್ರಗೆ ಬೀಳುತ್ತಿತ್ತು. ಹೆಣ್ಣುಮಕ್ಕಳು ಹಣೆ ತುಂಬ ಕುಂಕುಮ ಇಟ್ಟುಕೊಂಡು ಬಂದು ಕೂರುವರು. ಫೋಟೋ ಕೈಗೆ ಬಂದಾಗ ಹಣೆಯ ಮೇಲೆ ಮಸಿ. ಶಿಗ್ಗಾವಿಯಿಂದ ಬಂದಿದ್ದ ಒಬ್ಬಾಕೆ ತನ್ನ ಫೋಟೋ ನೋಡಿ ಕುಸಿದು ಕುಳಿತಳು. ‘ನಮ್ಮನಿಯವರಿಗೆ ಏನರ ಆಕ್ಕೈತೇನವ್ವಾ?’ ಎಂದು ಅಳುತ್ತಿದ್ದವಳ ಕೈಯಿಂದ ಫೋಟೋ ಕಸಿದುಕೊಂಡು ಒಳಗೆ ಹೋದ ಬಣ್ಣದಕ್ಕ, ಮಸಿಯ ಮೇಲೆ ಒಂದು ಚೂರು ಬಿಳಿ, ಬಿಳಿಯ ಮೇಲೆ ಕೆಂಪು ಇಟ್ಟು ತಂದುಕೊಟ್ಟಳು. ಕಪ್ಪುಬಿಳುಪು ಮುಖದ ಮೇಲೆ ಅದೊಂದೇ ಬಣ್ಣ. ಆ ಹೆಂಗಸಿಗೆ ಹೋದ ಜೀವ ಬಂದಂತಾಯಿತು. ಅಲ್ಲಿಂದ ಮುಂದೆ ಯಾವ ಮುತ್ತೈದೆಯ ಫೋಟೋ ಆದರೂ ಬಣ್ಣದಕ್ಕನ ಕುಂಚ ಮುಟ್ಟದೆ ಹೊರಗೆ ಹೋಗುತ್ತಿರಲಿಲ್ಲ.

ಇದರ ಬೆನ್ನಿಗೇ ಇನ್ನೊಂದು ಕಾಟ ಸುರುವಾಯಿತು. ಯಾರ ಗಂಡನಾದರೂ ಸತ್ತರೆ ಮನೆಯವರು ಫೋಟೋ ಹಿಡಿದುಕೊಂಡು ಬರತೊಡಗಿದರು. ಸತ್ತವನದು ಬೇರೆ ಫೋಟೋ ಇರುತ್ತಿರಲಿಲ್ಲ, ಇದ್ದದ್ದು ಜೋಡಿಯದೊಂದೇ. ಅವನಿಗೆ ಮಾಲೆ ಹಾಕಬೇಕು. ಪಕ್ಕದಲ್ಲಿ ಹೆಂಡತಿ ಕೆಂಪಗೆ ಕುಂಕುಮ ಇಟ್ಟುಕೊಂಡು ನಿಂತಿದ್ದಾಳೆ. ‘ಅದೊಂದನ್ನ ಬಣ್ಣಾ ಬಳದು ಮುಚ್ಚಿ ಕೊಡವ್ವಾ’ ಎನ್ನುವರು. ಬಣ್ಣದಕ್ಕನ ಉತ್ತರ ಒಂದೇ: ‘ತಗಿಯೂದು ನಮ್ಮವರ ಕೆಲಸ, ಹಚ್ಚೂದು ನನ್ನ ಕೆಲಸ. ಹಚ್ಚಿದ್ದನ್ನ ನಾ ತಗಿಯಂಗಿಲ್ಲ.’ ಕೆಲವರು ಬಾಯಿಗೆ ಬಂದಂತೆ ಬೈದು ಹೋಗಿ, ಮನೆಯಲ್ಲೇ ಚಾಕುವಿನ ತುದಿಯಿಂದ ಕೆರೆದುಕೊಂಡರು. ಹಂಸಭಾವಿಯಲ್ಲಿ ನಮ್ಮ ಸಂಬಂಧಿಕರ ಮನೆಯಲ್ಲಿ ಅಂಥದೊಂದನ್ನು ಕಂಡಿದ್ದೆ. ಗಂಡನಿಗೆ ಮಾಲೆ, ಹೆಂಡತಿಯ ಹಣೆಯಲ್ಲಿ ಕಾಗದ ಕಿತ್ತುಬಂದ ಬಿಳಿ ಗಾಯ. ಆ ಹೆಂಗಸು ಅದೇ ಫೋಟೋದ ಕೆಳಗೆ ಕುಳಿತು ಅಕ್ಕಿ ಆರಿಸುತ್ತಿದ್ದಳು.

ನಮ್ಮದೂ ಒಂದು ಜೋಡಿ ಫೋಟೋ ಇರಲಿ ಎಂದು ಹಟ ಹಿಡಿದವರು ನನ್ನ ಯಜಮಾನರು. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಗೆಳೆಯನ ಕೈಗಡಿಯಾರ ಇಸಿದುಕೊಂಡು ಬಂದು, ಅದು ಕಾಣಲೆಂದು ಅಂಗಿಯ ತೋಳು ಮೇಲೇರಿಸಿ, ಕೈಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಕುರ್ಚಿಯಲ್ಲಿ ಕುಳಿತರು. ನಾನು ಪಕ್ಕದಲ್ಲಿ ನಿಂತೆ. ಉಸಿರು ಬಿಗಿಹಿಡಿಯಿರಿ ಎಂದು ಮಾಸ್ತರರು ಹೇಳಿದ್ದನ್ನು ಎಷ್ಟು ಶ್ರದ್ಧೆಯಿಂದ ಪಾಲಿಸಿದರೆಂದರೆ, ಫೋಟೋ ಮುಗಿದ ಮೇಲೆ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ‘ಜೀವಾ ಗೀವಾ ಬಿಟ್ಟೀರಿ, ಆಮ್ಯಾಲೆ ನಮ್ಮ ಮ್ಯಾಲೆ ಬರ್ತೈತಿ’ ಎಂದು ಬಣ್ಣದಕ್ಕ ನಗಾಡಿದಳು. ನಾವೂ ನಕ್ಕೆವು.

ಮರುವರ್ಷದ ಮಳೆಗಾಲದಲ್ಲಿ ಅವರಿಗೆ ವಿಷಮಜ್ವರ ಬಂತು. ಹುಬ್ಬಳ್ಳಿಯಿಂದ ಡಾಕ್ಟರನ್ನು ಕರೆಸಿದರು, ಹರಕೆ ಹೊತ್ತರು, ತಾಯಿತ ಕಟ್ಟಿಸಿದರು. ಯಾವುದೂ ಕೈ ಹಿಡಿಯಲಿಲ್ಲ. ಬಳೆ ಒಡೆದರು, ಹಣೆ ಒರೆಸಿದರು. ಒರೆಸಿದವರು ಯಾರು ಎಂಬುದು ನೆನಪಿಲ್ಲ... ಬಟ್ಟೆ ಒದ್ದೆಯಾಗಿತ್ತು, ತಣ್ಣಗಿತ್ತು, ಅಷ್ಟೇ. ನನ್ನನ್ನು ಒಳಕೋಣೆಯಲ್ಲಿ ಕೂರಿಸಿದರು. ಆ ಕೋಣೆಗೂ ಚಿತ್ರಶಾಲೆಯ ಪಡಸಾಲೆಗೂ ನಡುವೆ ಒಂದೇ ಗೋಡೆ, ಗೋಡೆಯ ಮೇಲುಗಡೆ ಒಂದು ಬೆಳಕಿಂಡಿ.

ಮಗನ ಬೇರೆ ಫೋಟೋ ನಮ್ಮ ಮನೆಯಲ್ಲೂ ಇರಲಿಲ್ಲ. ಮಾವನವರು ಆ ಜೋಡಿ ಫೋಟೋವನ್ನು ಪಕ್ಕದ ಮನೆಗೆ ಕಳಿಸಿ, ನನ್ನ ಹಣೆಯ ಕುಂಕುಮ ಮುಚ್ಚಿಕೊಡಲು ಹೇಳಿದರು. ಬಣ್ಣದಕ್ಕ ‘ಆಗೂದಿಲ್ಲ’ ಎಂದು ಅದನ್ನು ಹಾಗೆಯೇ ತಿರುಗಿ ಕಳಿಸಿದಳು. ಮಾವನವರು ಮತ್ತೆ ಕಳಿಸಿದರು. ಆಕೆ ಮತ್ತೆ ತಿರುಗಿಸಿದಳು. ಎಲೆ ಪೇಟೆಯಲ್ಲಿ ಅವರ ಮಾತಿಗೆ ಎದುರಾಡಿದವರಿರಲಿಲ್ಲ. ಇಲ್ಲಿ ಬಾಡಿಗೆ ಮನೆಯ ಹೆಂಗಸೊಬ್ಬಳು ಸೊಪ್ಪು ಹಾಕಲಿಲ್ಲವೆಂದು ಅವರಿಗೆ ಮೈಯೆಲ್ಲ ಉರಿಯಿತು.

ಅದೇ ಹೊತ್ತಿಗೆ ಬಣ್ಣದಕ್ಕನ ತಲೆಯಲ್ಲಿ ಪ್ರದರ್ಶನದ ಹುಚ್ಚು ಹೊಕ್ಕಿತ್ತು. ಮುಂಬಯಿಯಲ್ಲಿ ಗೋಡೆಗೆ ಚಿತ್ರ ತೂಗುಹಾಕಿ ಮಂದಿಯನ್ನು ಕರೆದು ತೋರಿಸುವುದನ್ನು ಆಕೆ ಕಂಡಿದ್ದಳು. ಹಾನಗಲ್, ಶಿಗ್ಗಾವಿ, ಹಿರೇಕೆರೂರ ಕಡೆಯ ಸಂತೆಗಳಲ್ಲಿ ಮಾಸ್ತರರು ತೆಗೆದ ಮುಖಗಳನ್ನೆಲ್ಲ ಒಟ್ಟು ಮಾಡಿ, ಪಡಸಾಲೆಯ ಮೂರು ಗೋಡೆಗೂ ಬಿದಿರ ದಬ್ಬೆ ಹೊಡೆಸಿ, ದಾರ ಕಟ್ಟಿ ತೂಗುಹಾಕಿದಳು. ಮಾಸ್ತರರು ಹೋದ ಹಳ್ಳಿಗಳಿಗೆಲ್ಲ ಹೇಳಿ ಕಳಿಸಿದರು: ಅಮಾವಾಸ್ಯೆಯವರೆಗೆ ಪ್ರದರ್ಶನ, ಯಾರು ಬೇಕಾದರೂ ಬರಬಹುದು, ಮಧ್ಯಾಹ್ನ ಹೆಂಗಸರಿಗೆ ಮೀಸಲು.

ಮಂದಿ ಬಂದರು. ಆದರೆ ನಮ್ಮ ಕಡೆ ಗೋಡೆಯ ಮೇಲೆ ಇರುವುದು ಒಂದು ದೇವರು, ಇಲ್ಲ ಸತ್ತವರು. ಬಂದವರೆಲ್ಲ ಹೊರಗೆ ಚಪ್ಪಲಿ ಬಿಟ್ಟು, ಟೋಪಿ ತೆಗೆದು, ಕೈ ಮುಗಿದು ಒಂದೊಂದೇ ಫೋಟೋದ ಮುಂದೆ ‘ಅಯ್ಯೋ ಪಾಪ’ ಎನ್ನುತ್ತ ಸಾಗತೊಡಗಿದರು. ಯಾರೋ ಊದಿನಕಡ್ಡಿ ಹಚ್ಚಿದರು. ಹಾನಗಲ್ಲಿನ ಒಬ್ಬ ಮುದುಕರು ತಮ್ಮ ಫೋಟೋ ನೋಡಿಕೊಳ್ಳಲೆಂದು ಗಾಡಿ ಕಟ್ಟಿಸಿಕೊಂಡು ಬಂದರೆ, ಫೋಟೋದ ಮೇಲೆ ಚೆಂಡುಹೂ. ‘ಯಾವನಲೇ ಅವ, ನನಗ ಹೂ ಏರಿಸಿದಾಂವ? ಇನ್ನೂ ಎರಡ ರೊಟ್ಟಿ ತಿಂತೇನಿ ನಾ’ ಎಂದು ಕೂಗಾಡಿದ್ದು ಬೆಳಕಿಂಡಿಯಿಂದ ನನಗೆ ಸ್ಪಷ್ಟವಾಗಿ ಕೇಳಿಸಿತು. ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ನನ್ನ ಯಜಮಾನರು ಹೋದ ಮೇಲೆ ನಾನು ನಕ್ಕದ್ದು ಅದೇ ಮೊದಲು. ನಕ್ಕು ಮುಗಿದ ಮೇಲೆ ಅಳು ಬಂತು, ಅದನ್ನೂ ಅದೇ ಸೆರಗಿನಲ್ಲಿ ನುಂಗಿಕೊಂಡೆ.

ನಡುಗೋಡೆಯಲ್ಲಿ ನಮ್ಮಿಬ್ಬರ ಫೋಟೋ ಇದೆ ಎಂಬುದು ನನಗೆ ಗೊತ್ತಿರಲಿಲ್ಲ. ಮಾವನವರ ಹತ್ತಿರ ಇದ್ದದ್ದು ಸಣ್ಣದು. ಫೋಟೋ ಮೂಡಿದ್ದ ಮೂಲ ಕಾಜಿನ ಪ್ಲೇಟು ಮಾಸ್ತರರಲ್ಲೇ ಉಳಿದಿತ್ತಲ್ಲ, ಅದರಿಂದ ದೊಡ್ಡದು ಮಾಡಿ, ಕುಂಕುಮ ಹಚ್ಚಿ, ಎಲ್ಲರಿಗೂ ಕಾಣುವಂತೆ ಬಣ್ಣದಕ್ಕ ತೂಗುಹಾಕಿದ್ದಳು. ಸುದ್ದಿ ಮಾವನವರ ಕಿವಿಗೆ ಬಿತ್ತು. ಪೇಟೆಯ ಇಬ್ಬರು ಹಿರಿಯರನ್ನು ಕರೆದುಕೊಂಡು ನೇರ ಚಿತ್ರಶಾಲೆಗೆ ಹೋದರು. ನಾನು ಗೋಡೆಯ ಈಚೆ ಎದ್ದು ನಿಂತೆ.

‘ಮಾಸ್ತರ, ಇದನ್ನ ಇಳಸ್ರಿ’ ಎಂದರು ಮಾವನವರು.

‘ಇಳಸ್ತೇನ್ರಿ ಧಣ್ಯಾರ, ಈಗ ಇಳಸ್ತೇನಿ’ ಎಂದರು ಮಾಸ್ತರರು. ಸ್ಟೂಲು ಎಳೆದ ಸದ್ದಾಯಿತು.

‘ಸ್ಟೂಲ್ ಇದ್ದಲ್ಲೇ ಇರ್ಲಿ’ ಎಂದಳು ಬಣ್ಣದಕ್ಕ.

‘ಇಳಸಾಕ ಆಗಲಿಲ್ಲಂದ್ರ ಹಣಿ ಮ್ಯಾಲಿಂದು ಮುಚ್ಚು. ನಮ್ಮ ಮನಿ ಮರ್ಯಾದಿ ಅದು.’

‘ಹಣಿ ನಿಮ್ಮದಲ್ರಿ, ಆಕಿದು. ಆಕಿ ಬಂದು ಮುಚ್ಚು ಅನ್ನಲಿ, ಈಗಿಂದೀಗ ಮುಚ್ಚತೇನಿ.’

ಜೊತೆಗೆ ಬಂದ ಹಿರಿಯರಲ್ಲೊಬ್ಬರು ದನಿ ಏರಿಸಿದರು. ‘ಏನ ಮಾತಾಡ್ತಿ ನೀ? ಗಂಡನ್ನ ಕಳಕೊಂಡಾಕಿ ನಾಕ ಮಂದ್ಯಾಗ ಬರ್ತಾಳೇನು?’

‘ಆಕಿ ಬರಂಗಿಲ್ಲ ಅಂದ್ರ ಚಿತ್ರಾನೂ ಇಳಿಯಂಗಿಲ್ಲ.’

ಆಮೇಲೆ ಮಾವನವರೇ ಹೇಳಿದರು: ‘ಕರೀರಿ ಆಕಿನ್ನ.’ ಆ ದನಿಯಲ್ಲಿ ಅನುಮಾನವೆಂಬುದೇ ಇರಲಿಲ್ಲ. ಇರಬೇಕಾದ ಕಾರಣವೂ ಇರಲಿಲ್ಲ. ಆ ಮನೆಗೆ ಕಾಲಿಟ್ಟಂದಿನಿಂದ ನಾನು ಅವರಿಗೆ ಒಂದು ಮಾತು ಎದುರಾಡಿದವಳಲ್ಲ.

ಅತ್ತೆ ಬಂದು ಕೈಹಿಡಿದು ಕರೆದರು. ತಲೆಯ ಮೇಲೆ ಸೆರಗು ಎಳೆದುಕೊಂಡು ಹೋದೆ. ಹಿಂದಿನ ಬಾಗಿಲಿನಿಂದ ಹಿಂದಿನ ಬಾಗಿಲಿಗೆ, ಹಿತ್ತಲು ದಾಟಿದರೆ ಅವರ ಮನೆ. ಪಡಸಾಲೆಗೆ ಬಂದು ತಲೆ ಎತ್ತಿದೆ... ಎದುರಿಗೆ ಅವರು ಕುಳಿತಿದ್ದರು. ಕೈಗಡಿಯಾರ ಮೊಣಕಾಲ ಮೇಲೆ, ಉಸಿರು ಬಿಗಿಹಿಡಿದ ಮುಖ, ಇನ್ನೇನು ಕೆಮ್ಮುತ್ತಾರೆ ಅನ್ನುವಂತೆ. ಅಷ್ಟು ದಿನ ಕಣ್ಣು ಮುಚ್ಚಿದರೆ ನನಗೆ ಕಾಣುತ್ತಿದ್ದದ್ದು ಚಟ್ಟದ ಮೇಲಿನ ಮುಖ. ಜೀವಂತ ಮುಖ ಹೇಗಿತ್ತು ಎಂಬುದು ಮರೆತೇಹೋಗಿತ್ತು. ಮನಸ್ಸನ್ನು ಎಷ್ಟು ಹಿಂಡಿದರೂ ನೆನಪಾಗದೆ ಹೆದರಿಹೋಗಿದ್ದೆ. ಅದು ಅಲ್ಲಿ ಗೋಡೆಯ ಮೇಲಿತ್ತು.

‘ಹೇಳವ್ವಾ’ ಎಂದರು ಮಾವನವರು, ನನ್ನ ಕಡೆ ನೋಡದೆ.

ಬಣ್ಣದಕ್ಕ ಹತ್ತಿರ ಬಂದು, ಫೋಟೋದ ಕಲೆ ಕೆರೆಯುವ ಸಣ್ಣ ಚಾಕುವನ್ನು ನನ್ನ ಕೈಯಲ್ಲಿಟ್ಟಳು. ‘ಬ್ಯಾಡ ಅನಿಸಿದ್ರ ನೀನ ಕೆರದು ಹಾಕು. ನಾ ಏನೂ ಅನ್ನಂಗಿಲ್ಲ’ ಎಂದಳು. ಆಕೆಯ ಮೇಲೂ ನನಗೆ ಆ ಗಳಿಗೆಯಲ್ಲಿ ಸಿಟ್ಟು ಬಂತು. ಇಷ್ಟು ಮಂದಿಯ ನಡುವೆ ನನ್ನನ್ನು ತಂದು ನಿಲ್ಲಿಸಿದ್ದಳಲ್ಲ. ಆದರೆ ನನಗೆ ಏನು ಬೇಕು ಎಂದು ಆ ವರ್ಷ ಕೇಳಿದವಳು ಆಕೆಯೊಬ್ಬಳೇ. ಬಳೆ ಒಡೆಯುವಾಗ ಯಾರೂ ಕೇಳಿರಲಿಲ್ಲ.

ಚಾಕುವನ್ನು ಸ್ಟೂಲಿನ ಮೇಲಿಟ್ಟೆ.

‘ಮಾವಾರ, ಈ ಫೋಟೋ ತಗಿಯೂ ಮುಂದ ಅವರು ಇದ್ರು. ಅವರಿದ್ರು ಅಂತ ನನ್ನ ಹಣಿ ಮ್ಯಾಲೆ ಇದು ಇತ್ತು. ಇದನ್ನ ಕೆರದ್ರ ಅವತ್ತ ಅವರು ಇರಲೇ ಇಲ್ಲ ಅಂದಂಗ ಆಕ್ಕೈತಿ. ಇದ್ದವರನ್ನ ನಾ ಹ್ಯಾಂಗ ಇಲ್ಲಂತ ಮಾಡ್ಲಿರಿ? ಈ ಹಣಿ ಒರಸೀರಿ, ಒರಸಿಕೊಂಡೇನಿ. ಆ ಹಣಿ ಮಾತ್ರ ಕೊಡಂಗಿಲ್ಲ.’

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಮಾವನವರು ಬೈಯುತ್ತಾರೆ, ಹೊಡೆದರೂ ಹೊಡೆದಾರು ಎಂದು ಕಾದೆ. ಅವರು ಆಗ ಮೊದಲ ಸಲ ಫೋಟೋ ನೋಡಿದರು. ಅಲ್ಲಿಯವರೆಗೆ ಅವರು ನೋಡಿದ್ದು ನನ್ನ ಹಣೆಯನ್ನು ಮಾತ್ರ.

‘ಹಿಂಗಿದ್ರ ನಾ ಅವಂಗ ಮಾಲಿ ಹ್ಯಾಂಗ ಹಾಕ್ಲಿ?’ ಎಂದರು. ಕೇಳಿದ್ದು ಯಾರನ್ನೋ ತಿಳಿಯಲಿಲ್ಲ.

‘ಹಾಕಬ್ಯಾಡ್ರಿ. ನೋಡ್ರಿ’ ಎಂದಳು ಬಣ್ಣದಕ್ಕ.

ಅವರು ತಲೆಯ ರುಮಾಲು ಸರಿಪಡಿಸಿಕೊಂಡು ಹೊರಟುಹೋದರು. ಆ ಸಂಜೆಯಿಂದಲೇ ಪೇಟೆಯ ಮನೆಗಳವರು ಚಿತ್ರಶಾಲೆಯ ಕಡೆ ಹಾಯಲಿಲ್ಲ. ಮುಚ್ಚಿಬಿಡೋಣವೆಂದು ಮಾಸ್ತರರು ಅಂದದ್ದಕ್ಕೆ ಬಣ್ಣದಕ್ಕ, ‘ಅಮಾಸಿತನಕ ಅಂತ ಹೇಳೇವಿ, ಅಮಾಸಿತನಕ ತೆರದಿರ್ತೈತಿ. ಒಬ್ಬರೂ ಬರಲಿಲ್ಲಂದ್ರ ನಾನ ಕುಂತು ನೋಡ್ತೇನಿ’ ಎಂದದ್ದು ನನಗೆ ಕೇಳಿಸಿತು.

ಬಂದರು. ಮಧ್ಯಾಹ್ನದ ಹೊತ್ತು, ಹೆಂಗಸರು. ಸುದ್ದಿ ಎಷ್ಟು ಬೇಗ ಹೇಗೆ ಹರಡಿತೋ ನಾನರಿಯೆ. ನೀರಿಗೆ ಹೋದಲ್ಲಿ, ಸಂತೆಗೆ ಹೋದಲ್ಲಿ ಬಾಯಿಂದ ಬಾಯಿಗೆ ಹೋಗಿರಬೇಕು. ಹಾನಗಲ್ ಕಡೆಯಿಂದ, ಹಿರೇಕೆರೂರ ಕಡೆಯಿಂದ, ಎತ್ತಿನ ಗಾಡಿಯಲ್ಲಿ, ಕೆಲವರು ನಡೆದೇ. ಎಲ್ಲರೂ ಬರಿಯ ಹಣೆಯವರು. ಸೆರಗಿನ ಕೆಳಗೆ, ಬಟ್ಟೆಯಲ್ಲಿ ಸುತ್ತಿಕೊಂಡು ಏನನ್ನೋ ತಂದಿರುತ್ತಿದ್ದರು. ಬಿಚ್ಚಿದರೆ ಜೋಡಿ ಫೋಟೋ, ಹೆಣ್ಣಿನ ಹಣೆಯಲ್ಲಿ ಚಾಕು ಕೆರೆದ ಗಾಯ. ‘ಇದನ್ನ ಮೊದಲಿನಂಗ ಮಾಡಿ ಕೊಡ್ತೀಯೇನವ್ವಾ’ ಎಂದು ಪಿಸುದನಿಯಲ್ಲಿ ಕೇಳುವರು. ಹಂಸಭಾವಿಯ ನಮ್ಮ ಆ ಸಂಬಂಧಿಕ ಹೆಂಗಸೂ ಬಂದಿದ್ದಳು. ಸಿಕ್ಕಿಬಿದ್ದ ಕಳ್ಳಿಯ ಹಾಗೆ ನನ್ನನ್ನು ನೋಡಿ, ಆಮೇಲೆ ಮೆಲ್ಲಗೆ ನಕ್ಕಳು. ಹೌದು, ನಾನೂ ಅಲ್ಲಿದ್ದೆ. ಒಮ್ಮೆ ದಾಟಿದ ಹಿತ್ತಲನ್ನು ದಿನಾ ದಾಟುತ್ತಿದ್ದೆ. ಅತ್ತೆ ಬೇಡ ಎನ್ನಲಿಲ್ಲ.

ಬಣ್ಣದಕ್ಕ ಕಿತ್ತ ಕಾಗದವನ್ನು ಗೋಂದಿನಿಂದ ತುಂಬಿ, ಒಣಗಿಸಿ, ಬಿಳಿ ಇಟ್ಟು, ಮೇಲೆ ಕೆಂಪು ಇಡುತ್ತಿದ್ದಳು. ಒಪ್ಪಿದವರ ಫೋಟೋಗಳನ್ನು ನಮ್ಮ ಫೋಟೋದ ಅಕ್ಕಪಕ್ಕ ತೂಗುಹಾಕಿದಳು. ಅಮಾವಾಸ್ಯೆಯ ಹೊತ್ತಿಗೆ ನಡುಗೋಡೆಯ ತುಂಬ ಅವೇ. ಆ ಹೆಂಗಸರು ತಮ್ಮ ಫೋಟೋದ ಮುಂದೆ ತಾವೇ ಕುಳಿತು, ‘ಅವತ್ತ ಇವರು ಹೊಸಾ ಚಪ್ಪಲಿ ಕಚ್ಚಿ ಕುಂಟತಿದ್ರು’ ಎಂಬಂಥ ಮಾತು ಆಡಿಕೊಳ್ಳುವರು. ಅಂಥ ಮಾತು ಆಡಲು ಅವರಿಗೆ ಬೇರೆಲ್ಲಿಯೂ ಜಾಗವಿರಲಿಲ್ಲ. ನಾನೂ ಕೆಮ್ಮಿದ ಕತೆ ಹೇಳಿದೆ. ಎಲ್ಲರೂ ನಕ್ಕರು.

ಅಮಾವಾಸ್ಯೆಯ ಸಂಜೆ ಬಣ್ಣದಕ್ಕ ತಾನೇ ಬಾಗಿಲು ಹಾಕಿದಳು. ಅಷ್ಟರಲ್ಲಿ ಮನೆಯ ಮಾಲೀಕರಾದ ಸಾಹೇಬರ ಮೇಲೆ ಪೇಟೆಯ ಹಿರಿಯರು ಒತ್ತಡ ಹೇರಿದ್ದರು. ಒಳ್ಳೆಯ ಮನುಷ್ಯ. ‘ಮಾಫ್ ಮಾಡ್ರಿ ಅಕ್ಕಾ, ನನಗ ಈ ಊರಾಗ ಇರಬೇಕಾಗೈತಿ’ ಎಂದು ಕಣ್ಣು ತಪ್ಪಿಸಿ ನಿಂತಿದ್ದರು. ಆ ತಿಂಗಳಲ್ಲೇ ಗಂಡಹೆಂಡತಿ ಸವಣೂರು ಬಿಟ್ಟರು. ಗಾಡಿಯ ಮೇಲೆ ಕ್ಯಾಮೆರಾ, ಬೋರ್ಡು, ಬಿದಿರ ದಬ್ಬೆಗಳು. ನಾನು ಅಳುತ್ತಿದ್ದೆ. ‘ಅಳಬ್ಯಾಡ. ನಾವೇನು ಸೋತು ಹೊಂಟೇವೇನು? ಊರು ಬಿಡಿಸ್ಯಾರ, ಕುಂಕುಮ ಬಿಡಸಾಕ ಆಗಲಿಲ್ಲಲ್ಲ’ ಎಂದಳು.

ನನ್ನನ್ನು ಕರೆದೊಯ್ಯಲು ಹಾನಗಲ್ಲಿನಿಂದ ಅಪ್ಪ ಬಂದ. ಹೊರಡುವಾಗ ಮಾವನವರು ಎದುರಿಗೆ ಬರಲಿಲ್ಲ. ಅತ್ತೆಯ ಕೈಯಲ್ಲಿ ತಮ್ಮ ಹತ್ತಿರ ಇದ್ದ ಸಣ್ಣ ಫೋಟೋ ಕಳಿಸಿ, ಒಯ್ಯಲು ಹೇಳಿದರು. ಕುಂಕುಮ ಇದ್ದ ಹಾಗೆಯೇ ಇತ್ತು. ಅದು ಸಿಟ್ಟೋ, ಕರುಣೆಯೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ. ತಮ್ಮ ಮಗನ ಇದ್ದೊಂದು ಫೋಟೋವನ್ನು ಕೊಟ್ಟುಬಿಟ್ಟಿದ್ದರು. ಆಮೇಲೆ ನಾನು ಓದಿದೆ, ಟ್ರೇನಿಂಗ್ ಮುಗಿಸಿದೆ, ಹಿರೇಕೆರೂರಿನಲ್ಲಿ ಮಾಸ್ತರಿಣಿಯಾದೆ.

ಬಣ್ಣದಕ್ಕನನ್ನು ಮತ್ತೆ ಕಂಡದ್ದು ಒಂದೇ ಸಲ, ಸ್ವಾತಂತ್ರ್ಯ ಬಂದ ಮರುವರ್ಷ, ಶಿಗ್ಗಾವಿಯಲ್ಲಿ ಬಸ್ಸಿಗೆ ಕಾಯುವಾಗ. ಮಾಸ್ತರರು ತೀರಿಕೊಂಡಿದ್ದರು. ಆಕೆಯ ಹಣೆ ಬರಿದಾಗಿತ್ತು.

‘ಅಕ್ಕಾ, ನೀವೂ ಒರಸಿಕೊಂಡ್ರೇನ್ರಿ?’ ಎಂದುಬಿಟ್ಟೆ.

‘ಹೂಂ. ನನಗ ಬ್ಯಾಡ ಅನಿಸಿತು, ನಾನ ಒರಸಿಕೊಂಡೆ. ಮಂದಿ ಒರಸಾಕ ಬಂದಿದ್ರು, ಹೊರಗ ಹಾಕಿದೆ. ಅವತ್ತ ಇತ್ತು, ಇವತ್ತ ಇಲ್ಲ. ಎರಡೂ ಖರೇನ’ ಎಂದಳು. ಬಸ್ಸು ಬಂತು, ಆಕೆ ಹತ್ತಿದಳು. ಎಲ್ಲಿದ್ದೀರಿ ಎಂದು ಕೇಳಿದ್ದಕ್ಕೆ ಆಕೆ ಕಿಟಕಿಯಿಂದ ಏನೋ ಹೇಳಿದಳು, ಎಂಜಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲ...

ಹಾಲು ಉಕ್ಕಿದ ಮರುದಿನ ಪೆಟ್ಟಿಗೆಯಿಂದ ನಮ್ಮ ಫೋಟೋ ತೆಗೆದೆ. ಅಂಚನ್ನು ಹುಳ ತಿಂದಿದೆ, ಅವರ ತೋಳಿನ ಮೇಲೆ ಬಿರುಕು ಬಿಟ್ಟಿದೆ. ನನಗೂ ಎಂಬತ್ತು ದಾಟಿತು. ಇದೊಂದು ಉಳಿಯಲಿ ಎಂದು ಹಿರೇಕೆರೂರಿನ ಹೊಸ ಸ್ಟುಡಿಯೋಕ್ಕೆ ಒಯ್ದೆ. ಅಲ್ಲಿನ ಹುಡುಗ ಚುರುಕು. ಫೋಟೋವನ್ನು ಕಂಪ್ಯೂಟರಿನೊಳಗೆ ಇಳಿಸಿ, ನನ್ನೆದುರೇ ಹುಳ ತಿಂದ ಅಂಚು ತುಂಬಿದ, ಬಿರುಕು ಮುಚ್ಚಿದ. ಗಡಿಯಾರ ಹೊಳೆಯಿತು. ಆಮೇಲೆ ಪರದೆಯಲ್ಲಿದ್ದ ನನ್ನ ಹಣೆಯ ಮೇಲೆ ಬೆರಳಿಟ್ಟ.

‘ಅಜ್ಜಿ, ಇಲ್ಲೊಂದು ಕೆಂಪು ಕಲಿ ಬಿದ್ದೈತಿ ನೋಡ್ರಿ. ತಗೀಲೇನ್ರಿ?’

ಪಾಪ, ಅವನಿಗೇನು ಗೊತ್ತು. ಕಪ್ಪುಬಿಳುಪು ಫೋಟೋದಲ್ಲಿ ಕೆಂಪು ಇದ್ದರೆ ಕಲೆಯೇ ಅನಿಸಬೇಕು. ಇದಕ್ಕೆ ಉತ್ತರ ಕೊಡಬೇಕಾದವಳು ಎಲ್ಲಿ, ಯಾವ ಊರಿನಲ್ಲಿ ಕಣ್ಣು ಮುಚ್ಚಿದಳೋ ನನಗೆ ತಿಳಿಯದು. ಅವತ್ತು ಆ ಪಡಸಾಲೆಯಲ್ಲಿ ನಿಂತವರಲ್ಲಿ ಈಗ ನಾನೊಬ್ಬಳೇ.

‘ಅದನ್ನ ಮುಟ್ಟಬ್ಯಾಡ ತಮ್ಮಾ’ ಎಂದೆ. ‘ಬೇಕಾದ್ರ ನನ್ನ ಮಾರಿ ತಗಿ.’